ಪಂಪುಮನೆ ಪಕ್ಕದ ಬಾಗುಗೋಡೆ

ಪಾರ್ಕಿನ ಹೊಸ ನಕ್ಷೆಯಲ್ಲಿ ಪಂಪುಮನೆ ಪಕ್ಕದ ಮೊಣಕಾಲೆತ್ತರದ ಗೋಡೆಗೆ ಕೆಂಪು ಗೀಟು ಎಳೆದವಳು ಅವಳೇ. ‘ನಿರುಪಯುಕ್ತ, ಕೆಡವುವುದು’ ಎಂದು ಬರೆದವಳೂ ಅವಳೇ. ನಗರಸಭೆಗೆ ಸೇರಿದ ಮೇಲೆ ಇದು ಅವಳ ಮೊದಲ ದೊಡ್ಡ ನಕ್ಷೆ. ನಾಳೆ ಇಂಜಿನಿಯರ್ ಸಹಿ ಬಿದ್ದರೆ ಮುಗಿಯಿತು.

ಮನೆಯಲ್ಲಿ ನಕ್ಷೆ ಹರಡಿದಾಗ ಅಮ್ಮ ಕೇಳಿದಳು, “ನಾವೆಲ್ಲಿ ಕೂತ್ಕೊಳ್ಳೋದು?”

“ಹನ್ನೆರಡು ಬೆಂಚು ಹಾಕಿದೀನಲ್ಲ ದಾರಿಯುದ್ದಕ್ಕೂ.”

“ಏನು?”

ಅವಳು ತಲೆಯೆತ್ತಿ ಮತ್ತೆ ಹೇಳಿದಳು. ಅಮ್ಮನಿಗೆ ಮೊದಲಿನಿಂದಲೂ ಕಿವಿ ಮಂದ. ಎದುರಿನವರ ತುಟಿ ನೋಡಿಯೇ ಮಾತು ಹಿಡಿಯುವುದು.

“ಸಾಲಾಗಿ ಕೂತ್ರೆ ನಂಗ್ಯಾರ ಬಾಯಿ ಕಾಣುತ್ತೆ? ಅಲ್ಲೇನು ಬಸ್ಸಿಗೆ ಕಾಯೋಕೆ ಹೋಗ್ತೀವಾ?”

ಅವಳಿಗೆ ಶಾಲೆ ಬಿಟ್ಟ ಸಂಜೆಗಳು ನೆನಪಾದವು. ಬಾಗಿದ ಆ ಗೋಡೆಯ ಒಂದು ತುದಿಗೆ ಅಮ್ಮ, ಇನ್ನೊಂದು ತುದಿಗೆ ಟೈಲರಮ್ಮ, ನಡುವೆ ಬೀದಿಯ ನಾಲ್ಕೈದು ಹೆಂಗಸರು. ಟೈಲರಮ್ಮ ಯಾರದೋ ಗಂಡನ ಅಣಕ ಮಾಡಿದರೆ ಅಮ್ಮ ಎಲ್ಲರಿಗಿಂತ ಒಂದು ಕ್ಷಣ ತಡವಾಗಿ, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು. ಮನೆಯಲ್ಲಿ ಅಂಥ ನಗು ಅವಳು ಕೇಳಿದ್ದೇ ಇಲ್ಲ. ಮನೆಯಲ್ಲಿ ಎಲ್ಲರೂ ಅಮ್ಮನಿಗೆ ಬೆನ್ನು ಹಾಕಿಯೇ ಮಾತಾಡುತ್ತಿದ್ದರು, ಅವಳೂ.

ಪಾರ್ಕಿಗೆ ಬರುವವರ ಸಮೀಕ್ಷೆಯ ಹಾಳೆ ತೆಗೆದಳು. ಅವಳೇ ಗೀಚಿದ ಕಾಲಂಗಳು: ನಡೆದವರು, ಆಡಿದವರು, ಬೆಂಚಿನಲ್ಲಿ ಕೂತವರು, ನಿಂತವರು. ಗೋಡೆಯ ಮೇಲೆ ಕೂತವರಿಗೆ ಕಾಲಂ ಇರಲಿಲ್ಲವಾದ್ದರಿಂದ ಅಲ್ಲಿದ್ದವರನ್ನೆಲ್ಲ ಕೊನೆಯದಕ್ಕೆ ತುಂಬಿದ್ದಳು. ಇಪ್ಪತ್ತು ವರ್ಷದಿಂದ ಕೂತವರನ್ನು ಒಂದೇ ಗೀಟಿನಲ್ಲಿ ಎಬ್ಬಿಸಿ ನಿಲ್ಲಿಸಿದ್ದಳು.

ಬೆಳಿಗ್ಗೆ ಇಂಜಿನಿಯರ್ ಪೆನ್ನು ತೆರೆದೇ ಇಟ್ಟಿದ್ದರು.

“ತಪ್ಪಾಗಿದೆ ಸರ್. ಸಹಿ ಬೇಡ.”

“ಗೋಡೆ ಬಿರುಕು ಬಿಟ್ಟಿದೆಯಮ್ಮಾ, ಉಳಿಯಲ್ಲ.”

“ಕೆಡವಿ. ಆದ್ರೆ ಅದೇ ಬಾಗಿನಲ್ಲಿ ಹೊಸದು ಕಟ್ಟಬೇಕು. ಹೆಂಗಸರು ಅಲ್ಲಿ ಎದುರುಬದುರು ಕೂರ್ತಾರೆ.”

“ಎದುರುಬದುರು ಕೂರೋಕೆ ಅದೇನು ಹೆಣ್ಣು ನೋಡೋ ಶಾಸ್ತ್ರಾನಾ?”

“ಮುಖ ನೋಡೋಕೇ ಸರ್.”

ಅವರು ಪೆನ್ನು ಮುಚ್ಚಿದರು. “ಆ ಖರ್ಚಿಗೆ ನಾಲ್ಕು ಬೆಂಚು ಕಡಿಮೆ ಮಾಡಿ. ಸೋಮವಾರ ಹೊಸ ನಕ್ಷೆ ಬರ್ಲಿ. ತಡವಾಗಿದ್ದು ನಿಮ್ಮಿಂದ ಅಂತ ಬರೀತೀನಿ.”

“ಬರೀರಿ.”

ಸಂಜೆ ಟೇಪು ಹಿಡಿದು ಗೋಡೆಯ ಬಳಿ ಹೋದಳು. ಹೆಂಗಸರು ಮೇಲೇಳಲಿಲ್ಲ. ಅಮ್ಮನ ಮಂಡಿಯಿಂದ ಟೈಲರಮ್ಮನ ಮಂಡಿಗೆ ಟೇಪು ಎಳೆದಳು.

“ಸರಿಯಾಗಿ ಹಿಡಿಯೇ,” ಎಂದಳು ಟೈಲರಮ್ಮ. “ಬಟ್ಟೆಯಾದ್ರೆ ಬಿಚ್ಚಿ ಹೊಲೀಬಹುದು. ಸಿಮೆಂಟು ಬಿಚ್ಚೋಕಾಗಲ್ಲ.”