ಬೀಜಕ್ಕೆ ಬಿಟ್ಟ ಹೀರೆ

ಕಾಪುವಿನ ಹತ್ತಿರದ ಒಂದು ಸೇವಾ ಸಂಘದವರು ೧೯೮೧ರಲ್ಲಿ ತಮ್ಮ ಕಟ್ಟಡದ ಹಿಂದಿನ ಜಾಗವನ್ನು ತರಕಾರಿ ತೋಟಕ್ಕೆಂದು ಬಿಟ್ಟುಕೊಟ್ಟರು. ದಿಕ್ಕಿಲ್ಲದ ಎಂಟು ಹೆಂಗಸರಿಗೆ ಒಂದೊಂದು ಪಾಲು. ಬೆಳೆದದ್ದರಲ್ಲಿ ಅರ್ಧ ಅವರಿಗೆ, ಅರ್ಧ ಸಂಘದ ಅಡುಗೆಮನೆಗೆ. ಅಲ್ಲಿ ದಿನಾ ಮಧ್ಯಾಹ್ನ ಊರಿನ ಬಡ ಮುದುಕಿಯರಿಗೆ ಊಟ ಹಾಕುತ್ತಿದ್ದರು. ತೋಟದ ಉಸ್ತುವಾರಿ ಕಾರ್ಯದರ್ಶಿ ವನಜಾಕ್ಷಿಯಮ್ಮನವರದು. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ತಾವು ಹೇಳಿದ್ದಕ್ಕೆ ಎದುರು ಮಾತು ಕೇಳಿ ಅಭ್ಯಾಸವಿರಲಿಲ್ಲ.

ಎದುರು ಮಾತು ಬಂದದ್ದು ಮೊದಲ ವಾರವೇ. ಮೇ ತಿಂಗಳ ಬಿಸಿಲು. ಹೆಂಗಸರು ತರಗೆಲೆ ಗುಡ್ಡೆ ಹಾಕಿ, ಮೇಲೆ ಮಣ್ಣು ಮುಚ್ಚಿ, ಬೆಂಕಿ ಕೊಟ್ಟು ಗೊಬ್ಬರಕ್ಕೆಂದು ಸುಡುಮಣ್ಣು ಮಾಡುತ್ತಿದ್ದರು.

"ನಾಳೆಯೇ ಬೆಂಡೆ ಹಾಕುವ," ಎಂದರು ವನಜಾಕ್ಷಿಯಮ್ಮ.

"ಈಗ ಬೇಡ ಅಮ್ಮ," ಎಂದಳು ಹಲೀಮಾ. "ಪತ್ತನಾಜೆಯ ದಿನ ಕಳೆದು ತಿಂಗಳ ಕೊನೆಗೆ ಒಂದು ಮಳೆ ಬರಲಿ. ಬಾವಿಯಲ್ಲಿ ನೀರು ತಳ ಮುಟ್ಟಿದೆ. ಹುಟ್ಟಿದ್ದೆಲ್ಲ ಒಣಗಿ ಹೋಗ್ತದೆ."

"ನಿನ್ನನ್ನು ಯಾರು ಕೇಳಿದರು?"

ಹಲೀಮಾ ಉದ್ಯಾವರದವಳು. ಅಪ್ಪ ಗೇಣಿ ಗದ್ದೆಯಲ್ಲಿ ತರಕಾರಿ ಬೆಳೆಯುತ್ತಿದ್ದವರು. ಗಂಡ ಪುತ್ತುಬ್ಬ ಮಲ್ಪೆಯಲ್ಲಿ ಐಸ್ ಹೊರುತ್ತಿದ್ದ; ಜ್ವರ ಬಂದು ತೀರಿಹೋಗಿ ಮೂರು ವರ್ಷವಾಗಿತ್ತು. ಮರುದಿನ ಉಳಿದವರು ಬೆಂಡೆ ಹಾಕಿದರು; ಅವಳು ತನ್ನ ಪಾಲಿನಲ್ಲಿ ಹಾಕಲಿಲ್ಲ. ಹತ್ತು ದಿನಕ್ಕೆ ಬಾವಿಯಲ್ಲಿ ಬರೀ ಕೆಸರು ಬಂತು. ಏಳು ಪಾಲಿನ ಬೆಂಡೆ ಸಸಿಗಳು ಕರಟಿದವು. ಮಳೆ ಬಂದ ಮೇಲೆ ಅವಳು ಹಾಕಿದ್ದು ಮಾತ್ರ ಎದ್ದು ನಿಂತಿತು. ಸಂಘದ ಸಭೆಯಲ್ಲಿ ಯಾರೋ, "ಇನ್ನು ಮುಂದೆ ಹಲೀಮಾಳನ್ನು ಕೇಳಿಯೇ ಹಾಕಿ," ಎಂದು ನಕ್ಕರು. ವನಜಾಕ್ಷಿಯಮ್ಮ ನಗಲಿಲ್ಲ.

ಆ ಮಳೆಗಾಲ ಹಲೀಮಾಳ ಚಪ್ಪರದ ತುಂಬ ಹೀರೆ. ಅಪ್ಪನ ಕಾಲದಿಂದ ಉಳಿಸಿಕೊಂಡು ಬಂದ ಬೀಜ ಅದು. ಒಳ್ಳೆಯ ನಾಲ್ಕು ಕಾಯಿಗಳನ್ನು ಬೀಜಕ್ಕೆಂದು ಬಿಟ್ಟು, ತೊಟ್ಟಿಗೆ ಕೆಂಪು ಬಟ್ಟೆ ಕಟ್ಟಿದಳು. "ಇದನ್ನು ಯಾರೂ ಮುಟ್ಟಬೇಡಿ. ಬರುವ ವರ್ಷ ಎಂಟು ಪಾಲಿಗೂ ಆಗ್ತದೆ," ಎಂದು ಎಲ್ಲರಿಗೂ ಹೇಳಿದಳು, ವನಜಾಕ್ಷಿಯಮ್ಮನವರಿಗೂ.

ಸೆಪ್ಟೆಂಬರಿನಲ್ಲಿ ಮಣಿಪಾಲದಿಂದ ಸಂಘಕ್ಕೆ ನೆರವು ಕೊಡುವವರು ಊಟಕ್ಕೆ ಬಂದರು. ಬಡಿಸಿದ ಹುಳಿಯಲ್ಲಿ ಬರೀ ನಾರು. ಅತಿಥಿಗಳು ಜಗಿದು ಜಗಿದು ಎಲೆಯ ಬದಿಗೆ ಉಗಿದರು. ವನಜಾಕ್ಷಿಯಮ್ಮ ಹಲೀಮಾಳನ್ನು ಅಲ್ಲಿಗೇ ಕರೆಸಿದರು.

"ಎಂಥ ಹೀರೆ ಇದು? ಇದನ್ನು ದನವೂ ತಿನ್ನಲಿಕ್ಕಿಲ್ಲ."

ಹಲೀಮಾ ಹಿತ್ತಿಲಿಗೆ ಓಡಿದಳು. ಸಿಪ್ಪೆಯ ಗುಂಡಿಯಲ್ಲಿ ಕೆಂಪು ಬಟ್ಟೆಯ ತುಂಡುಗಳು ಬಿದ್ದಿದ್ದವು. ವಾಪಸು ಬಂದು ಬಾಗಿಲಲ್ಲಿ ನಿಂತಳು.

"ಬೀಜಕ್ಕೆ ಬಿಟ್ಟದ್ದನ್ನು ಕೊಯ್ದದ್ದು ಯಾರು?"

"ನಾನೇ. ತೋಟ ಸಂಘದ್ದು, ಕಾಯಿಯೂ ಸಂಘದ್ದು. ನಿನ್ನ ಅಪ್ಪನದ್ದಲ್ಲ."

"ಬೀಜ ನನ್ನ ಅಪ್ಪನದ್ದೇ," ಎಂದಳು ಹಲೀಮಾ.

ಅತಿಥಿಗಳು ತಲೆ ತಗ್ಗಿಸಿ ಮಜ್ಜಿಗೆ ಕುಡಿದರು. ಹಲೀಮಾ ಗುಂಡಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಲೋಳೆಯಲ್ಲಿ ಕೈಯಾಡಿಸಿ, ಕಪ್ಪಾಗಿ ಬಲಿತ ಬೀಜಗಳನ್ನು ಹೆಕ್ಕಿದಳು. ಪಕ್ಕದ ಪಾಲಿನ ಸೆಲೀನ್ ಬಂದು ಕೂತು, ತಾನೂ ಹೆಕ್ಕಿದಳು. ಇಬ್ಬರದು ಸೇರಿ ಒಂದು ಹಿಡಿಯಾಗಲಿಲ್ಲ.

ಚಳಿಗಾಲಕ್ಕೆ ಹರಿವೆ, ಬದನೆ ಬಂದವು. ಬೇಸಗೆಯಲ್ಲಿ ನೀರು ಸೇದುವ ಸರದಿಯಲ್ಲಿ ಹಲೀಮಾಳ ಹೆಸರು ಯಾವಾಗಲೂ ಕೊನೆಗೆ. ಅವಳು ಕೆಸರುನೀರನ್ನೇ ಕೊಡಪಾನದಲ್ಲಿ ಹೊತ್ತಳು. ಎದುರಾದರೆ ಅವಳೂ ವನಜಾಕ್ಷಿಯಮ್ಮನವರೂ ಮುಖ ತಿರುಗಿಸಿ ಹೋಗುತ್ತಿದ್ದರು.

ಜೂನ್ ಬಂತು. ವನಜಾಕ್ಷಿಯಮ್ಮ ಆದಿ ಉಡುಪಿಯಿಂದ ಬೀಜದ ಪ್ಯಾಕೆಟು ತಂದು ಹಂಚಿದರು. "ಇನ್ನು ಸಂಘದ ಬೀಜ ಮಾತ್ರ," ಎಂದರು. ಹಲೀಮಾ ಪ್ಯಾಕೆಟನ್ನು ಜಗಲಿಯ ಮೇಲೆ ಇಟ್ಟು, ಬೂದಿಯಲ್ಲಿ ಕಾಪಾಡಿದ್ದ ತನ್ನ ಬೀಜದಲ್ಲಿ ಅರ್ಧ ಹಾಕಿದಳು. ಹನ್ನೊಂದು ಸಸಿ ಎದ್ದವು.

ಒಂದು ಬೆಳಿಗ್ಗೆ ಅವಳು ಬರುವಾಗ ವನಜಾಕ್ಷಿಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಳೆಯಲ್ಲಿ ನೆನೆಯುತ್ತಾ ಸಸಿಗಳನ್ನು ಕೀಳುತ್ತಿದ್ದರು. ಹಲೀಮಾ ಹೋಗಿ ಅವರ ಮಣಿಕಟ್ಟು ಹಿಡಿದಳು.

"ಕೈ ಬಿಡು!"

"ನೀವು ಸಸಿ ಬಿಡಿ."

"ಮೈ ಮುಟ್ಟುವಷ್ಟು ಸೊಕ್ಕು ಬಂತಾ ನಿನಗೆ?"

ವನಜಾಕ್ಷಿಯಮ್ಮ ಕೊಸರಿಕೊಂಡು ಕೆಸರಿನಲ್ಲಿ ಕೂತುಬಿಟ್ಟರು. ತೋಟದಲ್ಲಿದ್ದ ಹೆಂಗಸರಲ್ಲಿ ಎಬ್ಬಿಸಲು ಯಾರಿಗೂ ಧೈರ್ಯ ಬರಲಿಲ್ಲ. ಅವರೇ ಎದ್ದು, ಉಳಿದಿದ್ದ ಕೊನೆಯ ಸಸಿಯನ್ನೂ ಕಿತ್ತು ಬಿಸಾಡಿ, ಒಳಗೆ ಹೋದರು.

ಮರುದಿನ ಸಂಘ ಹಲೀಮಾಳನ್ನು ತೋಟದಿಂದ ತೆಗೆಯಿತು. ಹೆಂಗಸರು ಯಾರೂ ಬಾಯಿ ಬಿಡಲಿಲ್ಲ. ಸೆಲೀನ್ ಗೇಟಿನವರೆಗೆ ಬಂದು, "ನನಗೂ ಮಕ್ಕಳುಂಟು ಹಲೀಮಾ," ಎಂದಳು. ಹಲೀಮಾ ಗೇಟು ದಾಟಿ ನಡೆದಳು. ಸೆಲೀನಳ ಮೇಲೂ ಆ ದಿನ ಅವಳಿಗೆ ಸಿಟ್ಟೇ ಇತ್ತು.

ಮಿಕ್ಕ ಬೀಜವನ್ನು ಮನೆಯ ಹಿಂದೆ ಹಾಕಿ ಬಳ್ಳಿಯನ್ನು ಹಂಚಿನ ಮಾಡಿಗೆ ಹಬ್ಬಿಸಿದಳು. ಮರುವರ್ಷ ನೆರೆಯವರ ಗದ್ದೆಯ ಬದುವನ್ನು ಕೇಳಿಕೊಂಡಳು, ಅದರ ಮರುವರ್ಷ ಗದ್ದೆಯನ್ನೇ. ಸಂಘದ ತೋಟವೇನೂ ನಿಲ್ಲಲಿಲ್ಲ; ಪ್ಯಾಕೆಟಿನ ಹೀರೆಯೂ ಚೆನ್ನಾಗಿಯೇ ಬರುತ್ತಿತ್ತು. ಆದರೆ ೧೯೮೫ರ ಆಟಿ ತಿಂಗಳ ಜಡಿಮಳೆಗೆ ಅಲ್ಲಿ ನೀರು ನಿಂತು ಎಲ್ಲ ಕೊಳೆಯಿತು. ಆ ವಾರ ಕಾಪು ಪೇಟೆಯಲ್ಲಿ, ಮಾರ್ಗದ ಬದಿ ಗೋಣಿ ಹಾಸಿ ಕೂತಿದ್ದ ಹಲೀಮಾಳ ಮುಂದೆ ಒಂದು ಕೊಡೆ ಬಂದು ನಿಂತಿತು.

"ಹೀರೆ ಹೇಗೆ?" ವನಜಾಕ್ಷಿಯಮ್ಮ ಮುಖ ನೋಡದೆ ಕೇಳಿದರು.

"ನಿಮಗೆ ಇಲ್ಲ."

"ನನಗಲ್ಲ. ಮುದುಕಿಯರ ಊಟಕ್ಕೆ."

ಹಲೀಮಾ ಗೋಣಿಯ ಮೇಲಿನ ಕಾಯಿಗಳನ್ನು ಒಂದು ಬದಿಗೆ ಸರಿಸಿದಳು. "ಅಡುಗೆಯವಳನ್ನು ಕಳಿಸಿ. ಅವರಿಗೆ ಸುಮ್ಮನೆ ಕೊಡ್ತೇನೆ. ನಿಮ್ಮ ಕೈಗೆ ಕೊಡುವುದಿಲ್ಲ."

ವನಜಾಕ್ಷಿಯಮ್ಮ ಕೊಡೆ ತಿರುಗಿಸಿ ನಡೆದರು.

ಅಡುಗೆಯವಳು ಮಧ್ಯಾಹ್ನದೊಳಗೆ ಎರಡು ಚೀಲ ಹಿಡಿದು ಬಂದಳು. ಹಲೀಮಾ ಎಳೆಯ ಕಾಯಿಗಳನ್ನೇ ಆರಿಸಿ ತುಂಬಿಕೊಟ್ಟಳು. ಆ ಮಳೆಗಾಲ ಪೂರ್ತಿ ವಾರಕ್ಕೊಮ್ಮೆ ಹೀಗೆಯೇ ನಡೆಯಿತು. ಹಲೀಮಾ ಮತ್ತು ವನಜಾಕ್ಷಿಯಮ್ಮ ಮಾತ್ರ ಮತ್ತೆಂದೂ ಮಾತಾಡಲಿಲ್ಲ.