ಎರಡನೇ ಗೆರೆ

ಈ ಗುಲಾಬಿ ಹೋಗುತ್ತದೆ, ನೋಡಿದ ಕೂಡಲೇ ಗೊತ್ತಾಯಿತು, ಬಿಳಿ ಷರ್ಟಿನ ಕಾಲರಿಗೆ ಮೆತ್ತಿದ ಲಿಪ್‌ಸ್ಟಿಕ್ಕು, ಯಾವ ಪುಣ್ಯಾತ್ಮನ ಸಂಸಾರಕ್ಕೆ ಕೊಳ್ಳಿ ಇಟ್ಟಿದೆಯೋ, ನಾಲ್ಕು ತೊಟ್ಟು ಸ್ಪಿರಿಟ್ಟು, ಮೇಲೊಂದು ಹಬೆ, ಮಂಗಮಾಯ — ಕಲೆ ತೆಗೆಯುವುದರಲ್ಲಿ ಈ ಲಾಂಡ್ರಿಯಲ್ಲಿ ಅವಳದು ಎತ್ತಿದ ಕೈ, ಆದರೆ ಏಪ್ರನ್ನಿನ ಜೇಬಿನಲ್ಲಿ ಟಿಶ್ಯೂ ಸುತ್ತಿಟ್ಟ ಬಸಿರಿನ ಟೆಸ್ಟು, ಈಗಷ್ಟೇ ಅಂಗಡಿಯ ಹಿಂದಿನ ಟಾಯ್ಲೆಟ್ಟಿನಲ್ಲಿ ಮಾಡಿಕೊಂಡು ಬಂದು ಇನ್ನೂ ನೋಡದ ಆ ಪಟ್ಟಿ, ಅದರ ಎರಡನೇ ಗೆರೆ, ಅದೊಂದು ಹೋಗದಿರಲಿ, ದೇವರೇ, ಅದೊಂದು ಇರಲಿ. ಮೊನ್ನೆ ಗಾಢವಾಗಿತ್ತು, ನಿನ್ನೆ ತೆಳು, ಇವತ್ತು ಬೆಳಿಗ್ಗೆ ಬಚ್ಚಲ ದೀಪಕ್ಕೆ ಹಿಡಿದರೆ ಇತ್ತೋ ಇಲ್ಲವೋ, ದೀಪವೇ ಮಂಕಿರಬೇಕು, ಹೌದು, ದೀಪದ್ದೇ ತಪ್ಪು. ಆಸ್ಪತ್ರೆಯ ಉದ್ದ ಜಡೆಯ ನರ್ಸು ಸೂಜಿ ಚುಚ್ಚುವಾಗಲೇ ಹೇಳಿದ್ದಳು, ನೋಡಮ್ಮಾ, ಮೊಟ್ಟೆ ಬಲಿತಿದೆ, ಅದು ಬಿರಿದು ಹೊರಗೆ ಬರ್ಲಿ ಅಂತ ಈ ಇಂಜೆಕ್ಷನ್ನು, ಇದರಲ್ಲಿರೋದು ಬಸುರಿಯರ ಹಾರ್ಮೋನೇ, ಮನೇಲಿ ಮಾಡೋ ಟೆಸ್ಟು ಹುಡುಕೋದೂ ಅದನ್ನೇ, ಅವಸರ ಮಾಡಿದ್ರೆ ನಿಂಗೆ ಕಾಣೋದು ಮಗು ಅಲ್ಲ, ನನ್ನ ಸೂಜಿ, ಅದು ಮೈಯಿಂದ ಇಳಿದು ಹೋಗ್ಲಿ, ನಿಜವಾಗ್ಲೂ ಬಸಿರು ನಿಂತಿದ್ರೆ ಗೆರೆ ತಾನಾಗೇ ಏರುತ್ತೆ — ಹ್ಞೂಂ ಹ್ಞೂಂ ಎಂದು ತಲೆಯಾಡಿಸಿದ್ದಳು, ತಲೆಯಾಡಿಸುವುದಕ್ಕೇನು ಖರ್ಚು, ಮಾರನೇ ವಾರವೇ ಔಷಧದಂಗಡಿಯಿಂದ ಪಟ್ಟಿ ತಂದಳು, ಕೈ ತಡೆಯಲಿಲ್ಲ, ಹಾಳು ಕೈ. ಬಸ್ಸು ಓಡಿಸುವ ಗಂಡ ಅದನ್ನು ನೋಡಿಬಿಟ್ಟ, ಎರಡು ಗೆರೆ ಕಣೇ, ಎರಡು, ಎನ್ನುತ್ತಾ ಬಾಗಿಲಿಗೊರಗಿ ಅತ್ತುಬಿಟ್ಟ, ಮದುವೆಯಾದಂದಿನಿಂದ ಅವನು ಅತ್ತದ್ದನ್ನೇ ಕಂಡವಳಲ್ಲ, ನರ್ಸಿನ ಮಾತು ಬಾಯಿಯ ತನಕ ಬಂತು, ಅಳುವ ಗಂಡಸಿಗೆ ಸೂಜಿಯ ಕಥೆ ಹೇಗೆ ಹೇಳುವುದು, ನುಂಗಿಕೊಂಡಳು, ಅವನು ಆಗಲೇ ಅಮ್ಮನಿಗೆ ಫೋನು ಹಚ್ಚಿದ್ದ.

ಎದೆ ಭಾರ, ಸ್ಪಿರಿಟ್ಟಿನ ವಾಸನೆಗೆ ಹೊಟ್ಟೆ ತೊಳಸುತ್ತದೆ, ಇದೂ ಸೂಜಿಯದೇ ನಾಟಕವಾ, ತನ್ನ ಮೈಯಲ್ಲಿ ತನ್ನದು ಯಾವುದು, ಚುಚ್ಚಿದ್ದು ಯಾವುದು, ಹೆದರಿಕೆ, ಈ ಹೆದರಿಕೆಯೊಂದು ಖಂಡಿತ ತನ್ನದೇ — ಫೋನು ಗುಯ್ಯೆನ್ನುತ್ತದೆ, ಅತ್ತೆಯದು, ಬಾಯಿಗೆ ಬೀಗ ಹಾಕ್ಕೊಂಡಿದೀನಿ ಕಣೇ, ಒಬ್ಬರಿಗೂ ಹೇಳಿಲ್ಲ, ನಿನ್ನ ನಾದಿನಿಗೆ ಹೇಳ್ದೆ, ಅವಳೇನು ಹೊರಗಿನವಳಾ, ಪಕ್ಕದ ಮನೆಯವಳು ತಾನಾಗೇ ಊಹಿಸಿದ್ಲು. ಕೂಸು ಹುಟ್ಟೋ ಮುಂಚೆ ಕುಲಾವಿ ಎಂದು ಊರವರನ್ನೆಲ್ಲ ಆಡಿಕೊಳ್ಳುತ್ತಿದ್ದ ಅತ್ತೆ ಈಗ ನಿಜವಾಗಿಯೂ ಕುಲಾವಿ ಹೆಣೆಯುತ್ತಾ ಕೂತಿದ್ದಾರೆ, ಹಳದಿ ಉಲ್ಲನ್ನು, ಗಂಡಾದ್ರೂ ಆಗುತ್ತೆ ಹೆಣ್ಣಾದ್ರೂ ಆಗುತ್ತೆ, ಅದಿರ್ಲಿ, ಇವತ್ತು ಗೆರೆ ಹೇಗಿದೆ, ದಪ್ಪ ಆಗಿರ್ಬೇಕಲ್ಲ? ಹ್ಞೂಂ ಅತ್ತೆ, ದಪ್ಪ ಆಗಿದೆ. ನಾಲಿಗೆ ಎಷ್ಟು ಸಲೀಸಾಗಿ ಹೊರಳಿತು, ಹೇಳಿಯಾದ ಮೇಲೆ ಅದು ನಿಜವಾಗಲೇಬೇಕು, ಆಗುತ್ತದೆ, ಏರುತ್ತೆ ಎಂದಿದ್ದಳಲ್ಲ ನರ್ಸು — ಕಾಲರು ತೊಳೆದು ಬಿಳಿ, ಗುಲಾಬಿಯ ಸುಳಿವಿಲ್ಲ, ಅದನ್ನು ಪಕ್ಕಕ್ಕೆ ಸರಿಸಿ ಟಿಶ್ಯೂ ಬಿಡಿಸುತ್ತಾಳೆ, ಕಲೆ ಹುಡುಕುವ ಮೇಜಿನ ದೀಪ ಇದು, ಬಚ್ಚಲ ದೀಪವಲ್ಲ, ಎಂಥ ಮಾಸಿದ ಕಲೆಯನ್ನೂ ಹಿಡಿದು ತೋರಿಸುವ ದೀಪ, ಇದರ ಕೆಳಗೆ ಕಾಣದಿದ್ದರೆ ಇಲ್ಲವೆಂದೇ ಲೆಕ್ಕ ಎಂದು ಹೊಸಬರಿಗೆಲ್ಲ ಹೇಳಿಕೊಟ್ಟವಳು ಅವಳೇ, ಬಗ್ಗುತ್ತಾಳೆ, ಒಂದು ಗೆರೆ, ಅದರ ಪಕ್ಕ, ಪಟ್ಟಿಯನ್ನು ಓರೆ ಮಾಡಿ, ಇನ್ನೂ ಹತ್ತಿರ, ಒಂದು ಗೆರೆ, ಅದರ ಪಕ್ಕ ಬಿಳಿ, ಉಸಿರು ಹಿಡಿದು, ಒಂದು ಗೆರೆ, ಪಕ್ಕ ಬಿಳಿ, ಬಿಳಿ