ರಕ್ತಚಂದನದ ಬುಡದ ಅಣಬೆ

ಮುಕ್ತಾಬಾಯಿ ಮದುವೆಯಾಗಿ ಮೋರಖಂಡಿಗೆ ಬಂದ ವರ್ಷ ಅವಳ ಅಪ್ಪ ಹೊಲದ ಬದುವಿನಲ್ಲಿ ರಕ್ತಚಂದನದ ಸಸಿ ನೆಟ್ಟುಹೋಗಿದ್ದ. ಈಗ ಅಪ್ಪನಿಲ್ಲ, ಮರವಿದೆ. ಈ ಮಳೆಗಾಲ ಅದರ ಬುಡದಲ್ಲಿ ಅಣಬೆ ಎದ್ದಿದ್ದವು. ಒಂದರ ಮೇಲೊಂದು, ಲೋಳೆಲೋಳೆ, ಮೂಗು ಮುಚ್ಚಿಕೊಂಡರೂ ಬಿಡದ ನಾತ.

"ಥೂ, ಏನು ಹೊಲಸ!" ಎಂದು ದಿನಾ ಖುರ್ಪಿಯಿಂದ ಕೆರೆದು ಬಿಸಾಡುವಳು. ಮರುದಿನ ಮತ್ತೆ ಹಾಜರ್.

ಸೊಸೆ ಸೋನಾಲಿಗೆ ತಡೆಯಲಾಗಲಿಲ್ಲ. "ಅತ್ತಿ, ಇಂಥಾ ಮರ ಜಗತ್ತಿನಾಗ ಮುಗಿಯಾಕತ್ತದ. ಅಣಬಿ ಯಾವ ಅಡವಿಗೆ ಹೋದ್ರೂ ಸಿಗ್ತದ. ಅದನ್ನ ಬೈದು ಏನು ಉಪಯೋಗ್ರಿ? ಅದು ಸತ್ತ ಕಟ್ಟಿಗಿ ತಿಂತದ ಅಷ್ಟೇ."

"ನನ್ನ ಮರ ಸತ್ತಿಲ್ಲ!"

"ಒಂದು ಮಗ್ಗಲ ಸತ್ತದ್ರಿ."

ಕೊಂದವರು ಯಾರೆಂದು ಮುಕ್ತಾಬಾಯಿಗೆ ಗೊತ್ತಿತ್ತು. ಕುರು, ಬಾವು ಎಂದು ಯಾರೇ ಬರಲಿ, ಗಂಡ ದೇವಿದಾಸ ಕೊಡಲಿ ಹಿಡಿದು ಏಳುತ್ತಿದ್ದ. ಕೆಂಪು ಕಾಣುವ ತನಕ ಕಡಿದು ಚಕ್ಕೆ ಕೊಡುವುದು, ಅವರು ಅದನ್ನು ತೇಯ್ದು ಹಚ್ಚಿಕೊಳ್ಳುವುದು. ಮದ್ದು ಕೇಳಿದವರಿಗೆ ಇಲ್ಲ ಅನ್ನಬಾರದು ಎಂಬುದು ಊರಿನ ಪದ್ಧತಿ. "ದೇವಿದಾಸ ದೇವರಂಥಾ ಮನಷ್ಯಾ" ಎಂದು ಬಸವಕಲ್ಯಾಣದಿಂದ ಬಂದವರು ಹೊಗಳಿದರೆ ಹಿಗ್ಗಿ ಹೀರೇಕಾಯಿಯಾಗುತ್ತಿದ್ದ.

"ನಮ್ಮಪ್ಪ ಹಚ್ಚಿದ ಮರ, ನಿಮ್ಮ ದಾನ! ಯಾರದೋ ರೊಕ್ಕ, ಎಲ್ಲಮ್ಮನ ಜಾತ್ರಿ!" ಎಂದು ಒಂದು ದಿನ ಅವಳು ಚಕ್ಕೆಗೆ ಬಂದವರೆಲ್ಲರೆದುರೇ ಕೊಡಲಿ ಕಸಿದುಕೊಂಡಳು. "ಇನ್ನ ಯಾರಿಗೂ ಕೊಡಂಗಿಲ್ಲ. ನಾಚಿಕಿಲ್ದ ಮಂದಿ!" ಅವಳು ಕೊಡಲಿಯನ್ನು ಕಾಳಿನ ಕೋಣೆಯಲ್ಲಿ ಬಚ್ಚಿಟ್ಟಳು.

ಅಂದು ಸಂಜೆಯೇ ಹುಮನಾಬಾದಿನಿಂದ ಹುಮೇರಾ ಎಂಬ ಹೆಣ್ಣುಮಗಳು ಕೂಸನ್ನು ಎತ್ತಿಕೊಂಡು ಬಂದಳು.

"ಚಕ್ಕಿ ಬೇಕಿತ್ರಿ ಅವ್ವಾರ."

"ಇಲ್ಲಿಲ್ಲ. ದವಾಖಾನಿಗೆ ಹೋಗು."

"ಹೋಗಿ ಬಂದೀನ್ರಿ. ಔಷಧ ಕೊಟ್ಟಾರ. ಬಾವು ಇಳೀವಲ್ದ್ರಿ."

ಹುಮೇರಾ ಸೆರಗು ಸರಿಸಿದಳು. ಕೂಸಿನ ಕುತ್ತಿಗೆಯ ಮೇಲೆ ಕೆಂಪಗೆ ಮಿರುಗುವ ಕುರು. ಅಳುವುದಕ್ಕೂ ಅದಕ್ಕೆ ದನಿ ಉಳಿದಿರಲಿಲ್ಲ. ದೇವಿದಾಸ ಹೆಂಡತಿಯ ಮುಖ ನೋಡಿದ. ಮುಕ್ತಾಬಾಯಿ ಎದ್ದು ಕಾಳಿನ ಕೋಣೆಗೆ ಹೋಗಿ ಕೊಡಲಿ ತಂದು ಅವನ ಕೈಗಿಟ್ಟಳು.

ಮರದ ಹತ್ತಿರ ಅವನು ರೂಢಿಯ ಪ್ರಕಾರ ಹಳೇ ಗಾಯದ ಕಡೆಗೇ ಬಗ್ಗಿದ.

"ಅಲ್ಲೇನದ, ಬರೇ ಅಣಬಿ!" ಎಂದು ಮುಕ್ತಾಬಾಯಿ ಸಿಡುಕಿದಳು. ತೊಗಟೆ ಇನ್ನೂ ಗಟ್ಟಿಯಾಗಿದ್ದ ಮಗ್ಗುಲಿಗೆ ಬೆರಳು ತೋರಿಸಿದಳು. "ಈ ಮಗ್ಗಲ ಕಡೀರಿ."

ಕೊಡಲಿ ಬಿತ್ತು. ಬಂದವರನ್ನು ‘ನಾಚಿಕಿಲ್ದ ಮಂದಿ’ ಎಂದಿದ್ದ ತನ್ನ ನಾಲಿಗೆಯ ಬಗ್ಗೆ ಅವಳಿಗೆ ಅಣಬೆ ಕಂಡಾಗಲೂ ಆಗದಷ್ಟು ಹೇಸಿಗೆಯಾಯಿತು.